ಲಂಕಾ ಟೂರ್ ಕ್ಯಾನ್ಸಲ್ ಮಾಡೋದಾ ಬೇಡ್ವಾ ಅಂತ ಒದ್ದಾಡಿದ ಎಂಟು ದಿನ, ಮತ್ತೆ ನಮ್ಮ ಟ್ರಾವೆಲ್ಸ್‌ನೋರು

ಏಜೆನ್ಸಿ ಹೆಸರು ಹಾಕಲ್ಲ, ಮೊದ್ಲೇ ಹೇಳ್ಬಿಡ್ತೀನಿ. ನಮ್ದು ಇನ್ನೂ ಒಂದಿಷ್ಟು ದುಡ್ಡು ಅವರ ಹತ್ರನೇ ಸಿಕ್ಕಾಕೊಂಡಿದೆ, ಅದು ವಸೂಲಾಗೋವರೆಗೂ ಮುಖ ಕೆಡಿಸ್ಕೊಳ್ಳೋ ಹಾಗಿಲ್ಲ. ಬೆಂಗಳೂರಲ್ಲಿ ಎರಡು ಮೂರು ಬ್ರಾಂಚ್ ಇಟ್ಕೊಂಡು, ಭಾನುವಾರದ ಪೇಪರಲ್ಲಿ ಕಾಲು ಪೇಜ್ ಜಾಹೀರಾತು ಕೊಟ್ಕೊಂಡು, ಫೋನ್ ಎತ್ತಿದ ತಕ್ಷಣ "ಹೇಳಿ ಸರ್ ಹೇಳಿ ಸರ್" ಅಂತಾರಲ್ಲ ಆ ಥರದ್ದು ಅಂದ್ಕೊಳಿ. ಟೂರ್ ಮುಗಿಸಿ ಬಂದು ತಿಂಗಳಾಯ್ತು, ಈಗ 2019ರ ನವೆಂಬರಲ್ಲಿ ಬರೀತಿದೀನಿ, ಆದ್ರೆ ಸ್ಟಾರ್ ಕೊಡ್ತಿರೋದು ಟೂರಿಗಿಂತ ಜಾಸ್ತಿ ಶ್ರೀಲಂಕಾದಲ್ಲಿ ಬಾಂಬ್ ಸಿಡಿದ ಏಪ್ರಿಲ್ 21ರಿಂದ 29ರವರೆಗಿನ ಆ ಎಂಟು ದಿನಕ್ಕೆ.

ಬುಕ್ ಮಾಡಿದ್ದು ಫೆಬ್ರವರಿಲಿ. ಐದು ರಾತ್ರಿ ಆರು ದಿನ, ಮೇ 11ಕ್ಕೆ ಹೊರಡೋದು, ನಾನು ಹೆಂಡ್ತಿ, ಇಬ್ರು ಮಕ್ಳು, ಅಪ್ಪ ಅಮ್ಮ, ತಲೆಗೆ 38,000, ಒಟ್ಟು 2,28,000. ಮಾರಾಟ ಮಾಡೋದ್ರಲ್ಲಿ ಅವರನ್ನ ಮೀರಿಸೋರಿಲ್ಲ. ಅಮ್ಮಂಗೆ ನುವಾರ ಎಲಿಯ ಹತ್ರ ಸೀತಾ ಎಲಿಯ ಅಂತ ಇದ್ಯಲ್ಲ, ಅಶೋಕವನ ಅಂತಾರೆ, ಹೊಳೆ ಪಕ್ಕ ಬಂಡೆ ಮೇಲೆ ಹನುಮಂತನ ಹೆಜ್ಜೆ ಗುರುತು ತೋರಿಸ್ತಾರೆ, ಅದು ನೋಡ್ಲೇಬೇಕಿತ್ತು. ಪ್ಲಾನಲ್ಲಿ ಇರ್ಲಿಲ್ಲ, ಕೇಳಿದ್ದಕ್ಕೆ ಒಂದು ಪೈಸೆ ಜಾಸ್ತಿ ತಗೋಳ್ದೆ ಸೇರಿಸಿದ್ರು. ಮಾರ್ಚ್ ಕೊನೆಗೆ ಪೂರ್ತಿ ದುಡ್ಡೂ ಕಟ್ಟಿಸ್ಕೊಂಡ್ರು.

ಏಪ್ರಿಲ್ 21 ಭಾನುವಾರ, ಈಸ್ಟರ್. ಬೆಳಗ್ಗೆ ತಿಂಡಿ ಹೊತ್ತಿಗೆ ಟಿವಿಲಿ ಕೊಲಂಬೊದಲ್ಲಿ ಬಾಂಬ್ ಅಂತ ಬರೋಕೆ ಶುರುವಾಯ್ತು. ಮೊದ್ಲು ಒಂದು ಚರ್ಚ್ ಅಂದ್ರು, ಆಮೇಲೆ ಕೊಚ್ಚಿಕಡೆ, ನೆಗೊಂಬೊ, ಬಟ್ಟಿಕಲೋವ ಮೂರೂ ಕಡೆ ಅಂದ್ರು, ಆಮೇಲೆ ಶಾಂಗ್ರಿ-ಲಾ, ಸಿನಮನ್ ಗ್ರಾಂಡ್, ಕಿಂಗ್ಸ್‌ಬರಿ ಹೋಟೆಲ್‌ಗಳೂ ಅಂದ್ರು. ಒಟ್ಟು 250ಕ್ಕೂ ಜಾಸ್ತಿ ಜನ ಹೋದ್ರು. ನಮಗೆ ಅದು ದೂರದ ಸುದ್ದಿ ಆಗಿ ಉಳೀಲಿಲ್ಲ, ಯಾಕಂದ್ರೆ ಮಾರನೇ ದಿನ ಗೊತ್ತಾಯ್ತು ಶಾಂಗ್ರಿ-ಲಾದಲ್ಲಿ ಸತ್ತೋರಲ್ಲಿ ನಮ್ಮ ಜೆಡಿಎಸ್ ಕಾರ್ಯಕರ್ತರು ಇದ್ರು, ನೆಲಮಂಗಲದೋರೂ ಇದ್ರು ಅಂತ. 18ನೇ ತಾರೀಖು ಓಟು ಮುಗಿದಿತ್ತು, ಎಲೆಕ್ಷನ್ ಓಡಾಟ ಆಯ್ತು ಸ್ವಲ್ಪ ಸುಧಾರಿಸ್ಕೊಳ್ಳೋಣ ಅಂತ ಹೋಗಿದ್ದೋರು. ನಾವಿರೋದು ದಾಸರಹಳ್ಳಿ, ನೆಲಮಂಗಲ ಅಂದ್ರೆ ಟೋಲ್ ದಾಟಿದ್ರೆ ಸಿಗೋ ಊರು. ಹೆಂಡ್ತಿ ಅವತ್ತೇ ಸೂಟ್‌ಕೇಸ್ ಅಟ್ಟಕ್ಕೆ ಹಾಕಿದ್ಲು.

ಮನೇಲಿ ಪಾರ್ಲಿಮೆಂಟ್ ಕೂತ್ಕೊಳ್ತು. ಹೆಂಡ್ತಿ ಬೇಡ್ವೇ ಬೇಡ. ಅಪ್ಪಂದು ಬೇರೆ ಲೆಕ್ಕ, 2008ರಲ್ಲಿ ಬೆಂಗಳೂರಲ್ಲೇ ಒಂದೇ ದಿನ ಸಾಲು ಸಾಲು ಬಾಂಬ್ ಆಯ್ತು, 2010ರಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ, 2013ರಲ್ಲಿ ಮಲ್ಲೇಶ್ವರಂ, 2014ರಲ್ಲಿ ಚರ್ಚ್ ಸ್ಟ್ರೀಟ್, ನಾವೇನು ಊರು ಬಿಟ್ಟು ಓಡೋದ್ವಾ, ಮುಂದಿನ ವಾರನೇ ಮಲ್ಲೇಶ್ವರಂ ಮಾರ್ಕೆಟ್‌ಗೆ ಹೂ ತರೋಕೆ ಹೋಗ್ಲಿಲ್ವಾ ಅಂತ. ಅಮ್ಮ ಹನುಮಂತ ಒಬ್ನೇ ಹೋಗಿ ಬರ್ಲಿಲ್ವಾ ಅಂದ್ಬಿಟ್ರು, ಅವನು ಬಾಲಕ್ಕೆ ಬೆಂಕಿ ಹಚ್ಚಿಸ್ಕೊಂಡು ಬಂದ ಅಮ್ಮ ಅಂದೆ, ಮಾತು ಬಿಟ್ರು. ಮಕ್ಳಿಗೆ ಬೆಂಟೋಟ ಹೋಟೆಲ್‌ನ ಸ್ವಿಮ್ಮಿಂಗ್ ಪೂಲ್ ಒಂದೇ ಚಿಂತೆ. ನಂಗೆ ನಿಜ ಹೇಳ್ಬೇಕಂದ್ರೆ ದುಡ್ಡಿನ ಚಿಂತೆ.

ಅಪ್ಪನ ಮಾತು ಸುಳ್ಳಲ್ಲ. ಆದ್ರೆ ನಮ್ಮೂರಲ್ಲಿ ಬಾಂಬ್ ಬಿದ್ರೆ ಮನೆಗೆ ನಡ್ಕೊಂಡಾದ್ರೂ ಬರ್ತೀವಿ, ಅಪ್ಪನ ಬಿಪಿ ಮಾತ್ರೆ ಮುಗಿದ್ರೆ ಪಕ್ಕದ ರಸ್ತೆ ಮೆಡಿಕಲ್‌ನೋನು ಶಟರ್ ಅರ್ಧ ಎತ್ತಿ ಕೊಡ್ತಾನೆ. ಅಲ್ಲಿ ಕರ್ಫ್ಯೂ ಹಾಕಿದ್ರು, ಎಮರ್ಜೆನ್ಸಿ ಹಾಕಿದ್ರು, ಫೇಸ್‌ಬುಕ್ ವಾಟ್ಸ್ಯಾಪ್ ಬ್ಲಾಕ್ ಮಾಡಿದ್ರು, ಅದೇ ಭಾನುವಾರ ಸಂಜೆ ಏರ್‌ಪೋರ್ಟ್ ರೋಡಲ್ಲೂ ಒಂದು ಬಾಂಬ್ ಸಿಕ್ಕಿತ್ತು. ಸಾಯ್ತೀವಿ ಅನ್ನೋ ಹೆದರಿಕೆ ನಂಗೆ ಅಷ್ಟಿರ್ಲಿಲ್ಲ, ಇಬ್ರು ಮುದುಕ್ರು ಇಬ್ರು ಮಕ್ಳನ್ನ ಕಟ್ಕೊಂಡು ಗೊತ್ತಿಲ್ಲದ ಊರಲ್ಲಿ ಹೋಟೆಲ್ ರೂಮಲ್ಲಿ ಮೂರು ದಿನ ಲಾಕ್ ಆಗ್ತೀವಿ ಅನ್ನೋದು ಜಾಸ್ತಿ ಕಾಡ್ತು.

ಸೋಮವಾರ ಏಜೆನ್ಸಿಗೆ ಫೋನ್ ಮಾಡ್ದೆ. ಹುಡುಗ ಪಾಪ ಮರ್ಯಾದೆಯಿಂದ್ಲೇ ಮಾತಾಡ್ದ, "ಪ್ಯಾನಿಕ್ ಆಗ್ಬೇಡಿ ಸರ್, ಎರಡು ದಿನ ವೇಟ್ ಮಾಡಿ, ಸಿಚುಯೇಷನ್ ನೋಡ್ಕೊಂಡು ಹೇಳ್ತೀವಿ." ಸರಿ ಅಂದೆ. ಬುಧವಾರ ಮಾಡಿದ್ರೂ ಅದೇ ಮಾತು, ಶುಕ್ರವಾರ ಮಾಡಿದ್ರೂ ಅದೇ ಮಾತು. ನಾನೂ ದಡ್ಡ, ಬುಕಿಂಗ್ ಫಾರ್ಮ್ ಹಿಂದಿನ ಪೇಜ್ ಓದಿರ್ಲಿಲ್ಲ. ಶುಕ್ರವಾರ ರಾತ್ರಿ ಓದ್ದೆ. ಹೊರಡೋಕೆ 15 ದಿನ ಮುಂಚೆವರೆಗೆ ಕ್ಯಾನ್ಸಲ್ ಮಾಡಿದ್ರೆ ಅರ್ಧ ಕಟ್, ಅಲ್ಲಿಂದಾಚೆ 75 ಪರ್ಸೆಂಟ್, ಕೊನೇ ವಾರ ಪೂರ್ತಿ ಗೋವಿಂದ. ಮೇ 11ರಿಂದ ಹಿಂದಕ್ಕೆ ಎಣಿಸಿ ನೋಡಿ, ಹದಿನೈದನೇ ದಿನ ಯಾವ್ದು ಅಂತ. ಏಪ್ರಿಲ್ 26. ಅದೇ ಶುಕ್ರವಾರ. ಆಫೀಸ್ ಬಾಗಿಲು ಹಾಕಿಯಾಗಿತ್ತು.

ಅದೇ ರಾತ್ರಿ ಲಂಕಾದ ಪೂರ್ವದ ಸಾಯಿಂದಮರುದು ಅನ್ನೋ ಊರಲ್ಲಿ ಸೈನ್ಯಕ್ಕೂ ಉಗ್ರರಿಗೂ ಗುಂಡಿನ ಕಾಳಗ ಆಗಿ ಮಕ್ಳೂ ಸೇರಿ 15 ಜನ ಸತ್ರು. ಮಾರನೇ ದಿನ, ಶನಿವಾರ 27ಕ್ಕೆ, ನಮ್ಮ ವಿದೇಶಾಂಗ ಇಲಾಖೆ ಅಡ್ವೈಸರಿ ಬಿಡ್ತು, ತೀರಾ ಅಗತ್ಯ ಇಲ್ದಿದ್ರೆ ಶ್ರೀಲಂಕಾಗೆ ಹೋಗ್ಬೇಡಿ ಅಂತ. ಅಂದ್ರೆ ಸರ್ಕಾರ ಬೇಡ ಅನ್ನೋ ಹೊತ್ತಿಗೆ ನಮ್ದು 1,14,000 ಕಟ್ ಆಗೋ ಕಡೆಯಿಂದ 1,71,000 ಕಟ್ ಆಗೋ ಕಡೆಗೆ ಒಂದು ದಿನ ಜಾರಿತ್ತು. ಬೇಕಂತ ಕಾಯಿಸಿದ್ರಾ ಇಲ್ಲ ಅವರಿಗೂ ಗೊತ್ತಾಗ್ಲಿಲ್ವಾ, ದೇವ್ರಿಗೇ ಗೊತ್ತು. ಆದ್ರೆ ಮೂರು ಸಲ ಫೋನ್ ಮಾಡ್ದಾಗ ಒಂದ್ ಸಲನಾದ್ರೂ "ಸರ್ ಶುಕ್ರವಾರ ದಾಟಿದ್ರೆ ಸ್ಲ್ಯಾಬ್ ಬದಲಾಗುತ್ತೆ" ಅಂತ ಒಂದು ಮಾತು ಹೇಳ್ಬಹುದಿತ್ತು. ನನ್ನ ಅರ್ಧ ಸಿಟ್ಟು ಇದಕ್ಕೇ.

ಇನ್ಶೂರೆನ್ಸ್ ಇದ್ಯಲ್ಲ ಅಂತ ಭಾವಮೈದ ಅಂದ. ಇತ್ತು, ಪ್ಯಾಕೇಜಲ್ಲೇ ಸೇರಿಸಿದ್ರು. ಆ ಪಾಲಿಸಿನ ಭಾನುವಾರ ಕೂತ್ಕೊಂಡು ಕೊನೇ ಸಾಲಿನವರೆಗೂ ಓದ್ದೆ, ಕಣ್ಣು ಉರಿ ಬಂತು. ಟ್ರಿಪ್ ಕ್ಯಾನ್ಸಲೇಷನ್ ಅಂತ ದಪ್ಪಕ್ಷರದಲ್ಲಿ ಇದೆ, ಕೆಳಗೆ ನೋಡಿದ್ರೆ ಪ್ರಯಾಣ ಮಾಡೋರು ಆಸ್ಪತ್ರೆ ಸೇರ್ಬೇಕು, ಇಲ್ಲ ಹತ್ರದೋರು ತೀರ್ಕೋಬೇಕು, ಆಗ ಮಾತ್ರ. ಹೆದರ್ಕೊಂಡು ಹೋಗ್ಲಿಲ್ಲ ಅಂದ್ರೆ ಬಿಡಿಗಾಸೂ ಇಲ್ಲ. ಇನ್ನೊಂದು ಮೂಲೇಲಿ, ಸರ್ಕಾರ ಬೇಡ ಅಂದ ಜಾಗಕ್ಕೆ ಹೋಗಿ ಏನಾದ್ರೂ ಆದ್ರೆ ಅದಕ್ಕೂ ಇಲ್ಲ ಅಂತ ಬರ್ದಿದಾರೆ. ಹೋದ್ರೂ ಇಲ್ಲ ಹೋಗ್ದಿದ್ರೂ ಇಲ್ಲ. ಅವತ್ತಿಂದ ನಮ್ಮನೇಲಿ ಕೆಲ್ಸಕ್ಕೆ ಬಾರದ ವಸ್ತುಗೆಲ್ಲ ಟ್ರಾವೆಲ್ ಇನ್ಶೂರೆನ್ಸ್ ಅಂತಾನೇ ಹೆಸರು.

29ನೇ ತಾರೀಖು ಸೋಮವಾರ ಬೆಳಗ್ಗೆ ಅದೇ ಹುಡುಗ, "ಸರ್ ಅಡ್ವೈಸರಿ ಅಂದ್ರೆ ಸಲಹೆ ಅಷ್ಟೇ ಸರ್, ಬ್ಯಾನ್ ಅಲ್ಲ, ಫ್ಲೈಟ್ ಹೋಗ್ತಾನೇ ಇದೆ, ನೀವಾಗೇ ಕ್ಯಾನ್ಸಲ್ ಮಾಡಿದ್ರೆ 75 ಪರ್ಸೆಂಟ್." ಹೋಟೆಲ್‌ನೋರು ಒಪ್ಪಲ್ಲ ಸರ್, ನಾವು ಆಗ್ಲೇ ಅವರಿಗೆ ಕಟ್ಬಿಟ್ಟಿದೀವಿ ಅಂದ. ಅಲ್ಲಿ ನಂಗೆ ತಲೆ ಓಡ್ತು. ವೋಚರಲ್ಲಿ ಕ್ಯಾಂಡಿ ಹೋಟೆಲ್ ಹೆಸರು ಇತ್ತಲ್ಲ, ನೆಟ್ಟಲ್ಲಿ ಹುಡುಕಿ ನನ್ನ ಹರಕು ಮುರುಕು ಇಂಗ್ಲಿಷಲ್ಲಿ ಒಂದು ಮೇಲ್ ಹಾಕ್ದೆ, ಮಕ್ಳು ವಯಸ್ಸಾದೋರು ಇದಾರೆ, ಬರೋಕೆ ಆಗ್ತಿಲ್ಲ, ಏನಾದ್ರೂ ಮಾಡೋಕಾಗುತ್ತಾ ಅಂತ. ಎರಡು ಗಂಟೇಲಿ ಉತ್ತರ ಬಂತು. ಇಂಥ ಹೊತ್ತಲ್ಲಿ ನಮ್ಮನ್ನ ನೆನೆಸ್ಕೊಂಡ್ರಲ್ಲ ಸಂತೋಷ, ನಿಮ್ಮ ಬುಕಿಂಗಿಗೆ ಯಾವ ಚಾರ್ಜೂ ಇಲ್ಲ, ಈ ವಿಷ್ಯ ನಿಮ್ಮ ಏಜೆಂಟ್‌ಗೆ 23ನೇ ತಾರೀಖೇ ತಿಳಿಸಿದೀವಿ ಅಂತ. 23! ಬಾಂಬ್ ಬಿದ್ದ ಎರಡೇ ದಿನಕ್ಕೆ. ತಮ್ಮ ಊರು ಉರೀತಿರೋವಾಗ ಅವರು ಕುಂತು ನಮ್ಮ ದುಡ್ಡಿನ ಬಗ್ಗೆ ಮೇಲ್ ಹಾಕಿದಾರೆ, ಇಲ್ಲಿ ಎಸಿ ರೂಮಲ್ಲಿ ಕೂತೋರು ಆರು ದಿನ ಬಾಯಿ ಬಿಟ್ಟಿಲ್ಲ.

ಪ್ರಿಂಟ್ ತಗೊಂಡು ಮಧ್ಯಾಹ್ನನೇ ಆಫೀಸ್‌ಗೆ ಹೋದೆ, ಅಪ್ಪನೂ ಬಂದ್ರು, ಬಂದಿದ್ದು ಒಳ್ಳೇದಾಯ್ತು, ಬಿಳಿ ಕೂದ್ಲಿಗೆ ಮ್ಯಾನೇಜರ್‌ಗಳು ಸ್ವಲ್ಪ ಹೆದರ್ತಾರೆ. ಮೇಲ್ ನೋಡಿದ ಮ್ಯಾನೇಜರ್ ಮುಖ ನೋಡ್ಬೇಕಿತ್ತು. ಅದು ಬರೀ ಕ್ಯಾಂಡಿ ಹೋಟೆಲ್ ಸರ್, ಟಿಕೆಟ್ ನಾನ್ ರಿಫಂಡಬಲ್ ಸರ್ ಅಂತ ಒಂದು ಗಂಟೆ ಎಳೆದ್ರು. ಒಂದು ವಿಷ್ಯ ತಿಳ್ಕೊಂಡಿರಿ, ನಮ್ಮ ದೇಶದ ಏರ್‌ಲೈನ್ ಆದ್ರೆ ನಾನ್ ರಿಫಂಡಬಲ್ ಟಿಕೆಟ್ ಆದ್ರೂ ಟ್ಯಾಕ್ಸ್ ಮತ್ತೆ ಯುಡಿಎಫ್ (ಏರ್‌ಪೋರ್ಟ್ ಬಳಸೋ ಶುಲ್ಕ) ದುಡ್ಡು ವಾಪಸ್ ಕೊಡ್ಲೇಬೇಕು ಅಂತ ವಿಮಾನಗಳ ಮೇಲ್ವಿಚಾರಣೆ ನೋಡೋ ಡಿಜಿಸಿಎ ನಿಯಮ ಇದೆ, ಏಜೆಂಟ್‌ಗಳು ತಾವಾಗೇ ಹೇಳಲ್ಲ. ಕೊನೆಗೆ ಕ್ಯಾನ್ಸಲ್ ಬೇಡ, ದಸರಾ ರಜೆಗೆ ಮುಂದಾಕೋಣ, ತಲೆಗೆ 2,000 ಅಮೆಂಡ್‌ಮೆಂಟ್ ಫೀ, ಉಳಿದಿದ್ದೆಲ್ಲ ಕ್ರೆಡಿಟ್ ನೋಟ್ (ಕ್ಯಾಶ್ ಅಲ್ಲ, ಅವರ ಹತ್ರನೇ ಟೂರ್‌ಗೆ ಬಳಸೋ ಚೀಟಿ) ಅಂತ ಇತ್ಯರ್ಥ ಆಯ್ತು. ಬರವಣಿಗೇಲಿ ಕೊಡಿ ಅಂದ್ರು ಅಪ್ಪ. ಕೊಟ್ರು. ವೀಸಾಗೆ ದೊಡ್ಡೋರು ನಾಲ್ಕು ಜನಕ್ಕೆ ತಲಾ 20 ಡಾಲರ್ ಕಟ್ಟಿದ್ದು ಮಾತ್ರ ಹೋಯ್ತು, ಅದು ಯಾರ ತಪ್ಪೂ ಅಲ್ಲ ಬಿಡಿ.

ಹೋಗ್ದೆ ಇದ್ದಿದ್ದು ಸರಿನಾ? ಮೇ 13ನೇ ತಾರೀಖು ನಾವು ಕ್ಯಾಂಡಿಲಿ ಇರ್ತಿದ್ವಿ. ಅವತ್ತು ಕುರುಣೇಗಲ, ಮಿನುವಂಗೊಡ ಕಡೆ ಮುಸ್ಲಿಮರ ಅಂಗಡಿ ಮಸೀದಿ ಮೇಲೆ ದಾಳಿ ಆಗಿ ರಾತ್ರಿ ಇಡೀ ದೇಶಕ್ಕೆ ಕರ್ಫ್ಯೂ ಹಾಕಿದ್ರು, ವಾಟ್ಸ್ಯಾಪ್ ಮತ್ತೆ ಬಂದ್. ಮಿನುವಂಗೊಡ ಏರ್‌ಪೋರ್ಟ್‌ಗೆ ಹತ್ರದ ಊರು. ಟಿವಿ ಮುಂದೆ ಕೂತಿದ್ದ ಹೆಂಡ್ತಿ ಏನೂ ಮಾತಾಡ್ಲಿಲ್ಲ, ಬರೀ ನನ್ ಕಡೆ ತಿರುಗಿ ನೋಡಿದ್ಲು ಅಷ್ಟೇ. ಆದ್ರೆ ಮೇ ಕೊನೆಗೆ ನಮ್ಮ ಸರ್ಕಾರ ಅಡ್ವೈಸರಿ ಸಡಿಲ ಮಾಡ್ತು, ಜೂನ್ 9ಕ್ಕೆ ಮೋದಿ ಹೋಗಿ ಕೊಚ್ಚಿಕಡೆ ಸೇಂಟ್ ಆಂಟನಿ ಚರ್ಚಲ್ಲಿ ನಿಂತಿದ್ದ ಫೋಟೋ ಬಂತು, ಆಗಸ್ಟ್ 1ರಿಂದ ನಮಗೆ ವೀಸಾ ಫೀಸೇ ಇಲ್ಲ ಅಂದ್ರು, ಆಗಸ್ಟ್ 22ಕ್ಕೆ ಎಮರ್ಜೆನ್ಸಿ ಮುಗೀತು. ಅವತ್ತು ಅಟ್ಟದಿಂದ ಸೂಟ್‌ಕೇಸ್ ಇಳಿಸಿದ್ದೂ ಅವಳೇ.

ಅಕ್ಟೋಬರ್ 9ಕ್ಕೆ, ವಿಜಯದಶಮಿ ಮಾರನೇ ದಿನ ಹೊರಟ್ವಿ. ಟೂರ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಏರ್‌ಪೋರ್ಟಲ್ಲಿ ಚೆಕಿಂಗ್ ಮೇಲೆ ಚೆಕಿಂಗ್, ಬುದ್ಧನ ಹಲ್ಲು ಇಟ್ಟಿರೋ ಕ್ಯಾಂಡಿ ದಂತ ದೇವಸ್ಥಾನದಲ್ಲೂ ಅಷ್ಟೇ, ಅಲ್ಲಿ 1998ರಲ್ಲೇ ಎಲ್‌ಟಿಟಿಇ ಲಾರಿ ಬಾಂಬ್ ಆಗಿತ್ತಂತೆ, ಅವರಿಗೆ ಇದೇನು ಹೊಸದಲ್ಲ. ಹೋಟೆಲ್‌ಗಳು ಕಾಲು ಭಾಗನೂ ತುಂಬಿರ್ಲಿಲ್ಲ, ಬೆಂಟೋಟ ಪೂಲಲ್ಲಿ ನಮ್ಮ ಮಕ್ಳೇ ರಾಜ್ರು. ಸಸ್ಯಾಹಾರಿಗಳು ಒಂದು ಹುಷಾರು, ಅಪ್ಪ ಒತ್ತು ಶ್ಯಾವಿಗೆ ನೋಡಿ ನಮ್ಮದೇ ಅಂತ ಖುಷಿಯಾಗಿ ಜೊತೆಗಿಟ್ಟ ಕಾಯಿ ಚಟ್ನಿಗೆ ಕೈ ಹಾಕಿದ್ರು, ಡ್ರೈವರ್ ಓಡಿ ಬಂದು ತಡೆದ, ಪೊಲ್ ಸಂಬೋಲ್ ಅನ್ನೋ ಆ ಚಟ್ನಿಲಿ ಒಣ ಮೀನಿನ ಪುಡಿ ಹಾಕ್ತಾರೆ, ಬೇಡ ಅಂತ ಮೊದ್ಲೇ ಹೇಳ್ಬೇಕು. ಸೀತಾ ಎಲಿಯದಲ್ಲಿ ಮಳೆ, ಅಮ್ಮ ಛತ್ರಿ ಹಿಡ್ಕೊಂಡು ಹನುಮಂತನ ಹೆಜ್ಜೆ ಪಕ್ಕ ಅರ್ಧ ಗಂಟೆ ನಿಂತಿದ್ರು, ಯಾರೂ ಕರೀಲಿಲ್ಲ.

ಆ ಡ್ರೈವರ್ ಬಗ್ಗೆ ಮಾತ್ರ ಹೇಳ್ಲೇಬೇಕು. ವ್ಯಾನ್ ಅವನ್ದೇ, ಲೀಸ್ ಸಾಲ. ಮೇ ತಿಂಗಳು ಒಂದೇ ಒಂದು ಟ್ರಿಪ್ ಇರ್ಲಿಲ್ವಂತೆ, ಅಣ್ಣನ ಆಟೋ ಓಡಿಸಿ ಕಂತು ಕಟ್ಟಿದ್ನಂತೆ. ಬಂದ್ಮೇಲೆ ಓದ್ದೆ, ಹಿಂದಿನ ವರ್ಷ ಮೇನಲ್ಲಿ 1,29,466 ಟೂರಿಸ್ಟ್ ಬಂದಿದ್ದ ದೇಶಕ್ಕೆ ಈ ವರ್ಷ ಮೇನಲ್ಲಿ ಬಂದಿದ್ದು 37,802. ನಾವು ಆರು ಜನ ಬರದೇ ಇದ್ದೋರ ಲೆಕ್ಕದಲ್ಲಿ ಇದೀವಿ. ಮೇನಲ್ಲಿ ಬುಕ್ ಮಾಡಿ ಬರ್ಲಿಲ್ಲ ಅಂತ ಹೇಳೋಕೆ ಸ್ವಲ್ಪ ಮುಜುಗರ ಆಯ್ತು, ಹೇಳ್ದೆ. ಅವನು ಕನ್ನಡಿಲಿ ಮಕ್ಳ ಕಡೆ ನೋಡಿ, ನಾನಾಗಿದ್ರೂ ಇವ್ರನ್ನ ಕರ್ಕೊಂಡು ಬರ್ತಿರ್ಲಿಲ್ಲ ಸರ್ ಅಂದ. ಆಮೇಲೆ ಅವರ ದೇಶದ ನವೆಂಬರ್ ಎಲೆಕ್ಷನ್‌ಗೆ ಮಾತು ತಿರುಗಿಸ್ದ, ಕೊಲಂಬೊ ಬರೋವರೆಗೂ ಬಿಡ್ಲಿಲ್ಲ, ನಮ್ಮ ಡ್ರೈವರ್‌ಗಳ ಥರನೇ.

ಸ್ಟಾರ್ ಲೆಕ್ಕ: ಬುಕಿಂಗ್ ಮಾಡಿಸ್ಕೊಳ್ಳೋದಕ್ಕೆ 4, ಕ್ಯಾನ್ಸಲ್ ಅಂದ್ಮೇಲೆ ನಡ್ಕೊಂಡಿದ್ದಕ್ಕೆ ಅರ್ಧ, ಆ ಅರ್ಧನೂ ಬರವಣಿಗೇಲಿ ಕೊಟ್ರಲ್ಲ ಅದಕ್ಕೆ. ಡ್ರೈವರ್‌ಗೆ 5, ಕ್ಯಾಂಡಿ ಹೋಟೆಲ್‌ಗೆ 5, ಆದ್ರೆ ಅದು ಏಜೆನ್ಸಿ ಖಾತೆಗೆ ಸೇರಲ್ಲ. ಒಟ್ಟು 2. ಇವರ ಹತ್ರ ಬುಕ್ ಮಾಡೋದೇ ಆದ್ರೆ ಹಿಂದಿನ ಪೇಜ್ ಮೊದ್ಲು ಓದಿ, ಹೋಟೆಲ್ ಹೆಸರು ಮೇಲ್ ಐಡಿ ಮೊದ್ಲೇ ಕೇಳಿ ಇಸ್ಕೊಳಿ, ವೇಟ್ ಮಾಡಿ ಸರ್ ಅಂದ್ರೆ ಯಾವ ತಾರೀಖಿನವರೆಗೆ ಅಂತ ವಾಪಸ್ ಕೇಳಿ.

ಅಕ್ಟೋಬರ್ ಪ್ಯಾಕೇಜ್ ತಲೆಗೆ 34,000ಕ್ಕೇ ಬಂತು, ಫೀ 12,000 ಕಳೆದು ಕ್ರೆಡಿಟ್ ನೋಟಲ್ಲಿ ಇನ್ನೂ 12,000 ಉಳಿದಿದೆ. ಕ್ಯಾಶ್ ಕೊಡಲ್ವಂತೆ, 2020 ಮಾರ್ಚ್ 31ರೊಳಗೆ ಇನ್ನೊಂದು ಟೂರ್‌ಗೆ ಬಳಸ್ಕೋಬೇಕಂತೆ. ಅಮ್ಮ ಕಾಶಿ ಅಂತಿದಾರೆ, ಮಕ್ಳು ಸಿಂಗಾಪುರ್ ಅಂತಿದಾರೆ, ಮಾರ್ಚಲ್ಲಿ ಪರೀಕ್ಷೆ ಮುಗಿದ್ಮೇಲೆ ನೋಡೋಣ ಅಂತ ಇಟ್ಕೊಂಡಿದೀವಿ.