ಗೋಲ್ಡನ್‌ಐ 007: ಎಕ್ಸ್‌ಬಾಕ್ಸ್‌ನಲ್ಲಿ ಆಡಿದ ಮೇಲೆ

ಬ್ರಿಟನ್ನಿನ ರೇರ್ ಸಂಸ್ಥೆ 1997ರಲ್ಲಿ ನಿಂಟೆಂಡೊ 64 ಕನ್ಸೋಲಿಗಾಗಿ ರೂಪಿಸಿದ ‘ಗೋಲ್ಡನ್‌ಐ 007’ ಎಂಬ ಜೇಮ್ಸ್ ಬಾಂಡ್ ವಿಡಿಯೊ ಗೇಮ್ 2023ರ ಜನವರಿಯಲ್ಲಿ ಎಕ್ಸ್‌ಬಾಕ್ಸ್‌ಗೂ ಬಂದಿತು. ಹೀಗಾಗಿ, ಹಳೆಯ ಕನ್ಸೋಲು ಅಂಗಡಿಗಳಲ್ಲಿ ಕಣ್ಣಿಗೂ ಬೀಳದ ಬಳ್ಳಾರಿಯಲ್ಲಿ ಕುಳಿತು, ಹಲವು ಆಟಗಳು ಒಟ್ಟಿಗೆ ಸಿಗುವ ಗೇಮ್ ಪಾಸ್ ಚಂದಾ ಕಟ್ಟಿ, ಈ ಆಟವನ್ನು ನಾನು ಆಡುವಂತಾಯಿತು.

ಗುಂಡು ಹಾರಿಸುವ ಆಟಗಳು ನಮ್ಮ ಹುಡುಗರ ಮೊಬೈಲುಗಳಲ್ಲಿ ಬೇಕಾದಷ್ಟಿವೆ. ಆದರೆ ವೇಗವನ್ನೇ ವಿದ್ಯೆಯಂತೆ ಕಲಿಸುವ ಗುಣ ಇದರಲ್ಲಿರುವಷ್ಟು ಬೇರೆಡೆ ನನಗೆ ಕಂಡಿಲ್ಲ. ಒಟ್ಟು 20 ಹಂತಗಳು, ಪ್ರತಿಯೊಂದಕ್ಕೂ ಕಠಿಣತೆಯ ಮೂರು ಮಟ್ಟಗಳು. ಹಂತ ಮುಗಿದೊಡನೆ ತಗುಲಿದ ಸಮಯವನ್ನು ಆಟವೇ ತೋರಿಸುತ್ತದೆ, ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಿದವರಿಗೆ ಬಹುಮಾನವಾಗಿ, ಆಟದ ಮಾಮೂಲಿ ನಿಯಮಗಳನ್ನು ಮೀರಲು ಬಿಡುವ ಚೀಟ್‌ಗಳನ್ನು ಕೊಡುತ್ತದೆ.

‘ಫೆಸಿಲಿಟಿ’ ಹಂತವನ್ನೇ ನೋಡಿ. ಅತಿ ಕಠಿಣವಾದ 00 ಏಜೆಂಟ್ ಮಟ್ಟದಲ್ಲಿ ಅದನ್ನು 2 ನಿಮಿಷ 5 ಸೆಕೆಂಡಿನೊಳಗೆ ಮುಗಿಸಿದರೆ ಅಜೇಯರಾಗುವ ಚೀಟ್ ದಕ್ಕುತ್ತದೆ. ಶೌಚಾಲಯದ ಮೇಲಿನ ಗಾಳಿಕೊಳವೆಯಿಂದ ಕೆಳಗಿಳಿದು, ಕಾವಲುಗಾರರ ನಡುವೆ ನುಗ್ಗಿ, ಆಟ ಕಟ್ಟಿದ ತಂಡದ ಡೇವಿಡ್ ಡೋಕ್ ಅವರ ಹೆಸರನ್ನೇ ಹೊತ್ತ ಡಾಕ್ಟರ್ ಡೋಕ್ ಎಂಬ ವಿಜ್ಞಾನಿಯನ್ನು ಹುಡುಕಬೇಕು. ಆತ ಕೊಡುವ ಉಪಕರಣವಿಲ್ಲದೆ ಮುಂದಿನ ಬಾಗಿಲು ತೆರೆಯದು. ಆತನೋ ಪ್ರತಿ ಬಾರಿಯೂ ಒಂದೇ ಕಡೆ ನಿಂತಿರುವುದಿಲ್ಲ. ಎಷ್ಟೇ ಕೈ ಪಳಗಿದ್ದರೂ ಆತ ದೂರದ ಮೂಲೆಯಲ್ಲಿ ಕಂಡನೆಂದರೆ ಆ ಓಟವನ್ನು ಕೈಬಿಟ್ಟು ಮೊದಲಿನಿಂದ ಆರಂಭಿಸುವುದೇ ಮೇಲು.

ಸ್ಪೀಡ್‌ರನ್ ಮಾಡುವವರು, ಅಂದರೆ ಆಟವನ್ನು ಆದಷ್ಟು ಬೇಗ ಮುಗಿಸಲು ಪೈಪೋಟಿ ನಡೆಸುವವರು, ಇದನ್ನು ಎಳೆ ಎಳೆಯಾಗಿ ಬಿಡಿಸಿಟ್ಟಿದ್ದಾರೆ. ಮುಂದಕ್ಕೂ ಪಕ್ಕಕ್ಕೂ ಏಕಕಾಲದಲ್ಲಿ ಚಲಿಸಿದರೆ ವೇಗ ಹೆಚ್ಚುತ್ತದೆ. ನೆಲವನ್ನೇ ನೋಡುತ್ತ ಓಡಿದರೆ ಹಳೆಯ ಕನ್ಸೋಲು ಕಡಿಮೆ ದೃಶ್ಯ ಚಿತ್ರಿಸಬೇಕಾಗಿ ಬಂದು ಆಟದ ತಡವರಿಕೆ ತಗ್ಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ, ‘ಡ್ಯಾಮ್’ ಹಂತದ ಅತಿ ಸುಲಭವಾದ ಏಜೆಂಟ್ ಮಟ್ಟದಲ್ಲಿ 2002ರಲ್ಲಿ ಸ್ಥಾಪಿತವಾದ 53 ಸೆಕೆಂಡಿನ ದಾಖಲೆ 52ಕ್ಕೆ ಇಳಿಯಲು 2017ರವರೆಗೆ ಕಾಯಬೇಕಾಯಿತು. ಒಂದೇ ಸೆಕೆಂಡಿಗಾಗಿ ಅಷ್ಟು ವರ್ಷ ಬೆವರು ಹರಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಎಕ್ಸ್‌ಬಾಕ್ಸ್ ಆವೃತ್ತಿಯಲ್ಲಿ ಚಿತ್ರ ನಿಚ್ಚಳವಾಗಿದೆ, ಚಲನೆ ಸರಾಗವಾಗಿದೆ. ಆದ್ದರಿಂದಲೇ ಇಲ್ಲಿನ ಸಮಯಗಳನ್ನು ಹಳೆಯ ಕನ್ಸೋಲಿನ ದಾಖಲೆಗಳ ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ. ಒಂದೇ ಟಿವಿಯಲ್ಲಿ ನಾಲ್ವರು ಪರಸ್ಪರ ಎದುರಾಳಿಗಳಾಗಿ ಆಡಬಹುದು. ಗಿಡ್ಡನಾದ್ದರಿಂದ ಗುರಿಗೆ ಸಿಗದ ಆಡ್‌ಜಾಬ್ ಪಾತ್ರವನ್ನು ಯಾರೂ ಆರಿಸಿಕೊಳ್ಳಬಾರದೆಂದು ಮೊದಲೇ ಮಾತಾಡಿಕೊಂಡರೆ ಜಗಳವಿಲ್ಲ. ನಿಂಟೆಂಡೊ ಸ್ವಿಚ್ ಆವೃತ್ತಿಗೆ ಕೊಟ್ಟ ಆನ್‌ಲೈನ್ ಪಂದ್ಯದ ಸೌಲಭ್ಯವನ್ನು ಇದಕ್ಕೆ ಕೊಡದಿರುವುದು ದೊಡ್ಡ ಕೊರತೆಯೇ ಸರಿ.

ಹಂತಗಳು ಚಿಕ್ಕವಾದ್ದರಿಂದ, ಬಳ್ಳಾರಿಯ ಬೇಸಿಗೆಯಲ್ಲಿ ನಡುವೆ ಕರೆಂಟು ಕೈಕೊಟ್ಟರೂ ಕಳೆದುಕೊಳ್ಳುವುದು ಕೆಲವೇ ನಿಮಿಷಗಳ ಆಟ. ಹೊಸಬರು ಏಜೆಂಟ್ ಮಟ್ಟದ ‘ಡ್ಯಾಮ್’ನಿಂದ ಆರಂಭಿಸಲಿ, ಅಲ್ಲಿ ಅಣೆಕಟ್ಟಿನ ಮೇಲಿಂದ ಜಿಗಿಯುವುದೊಂದೇ ಗುರಿ. ಅದರ ದಾರಿ ಕಣ್ಣುಮುಚ್ಚಿ ಹೇಳುವಷ್ಟು ಮನಸ್ಸಿಗೆ ಕೂತ ಮೇಲೆ ‘ಫೆಸಿಲಿಟಿ’ಗೆ ಕೈಹಾಕಬಹುದು.