27.5 ನಿಮ್ಮ ಸೈಜ್ ಅಲ್ಲ: ನಲವತ್ತೈದು ದಾಟಿದ ಮೇಲೆ ಸೈಕಲ್ ಕೊಳ್ಳುವವರಿಗೆ

ಗೇರ್ ಸೈಕಲ್ ಅಂಗಡಿಯಲ್ಲಿ "ನನಗೆ ಯಾವ ಸೈಜ್ ಆಗುತ್ತೆ?" ಎಂದು ಕೇಳಿದರೆ ಬರುವ ಉತ್ತರ 26, 27.5 ಇಲ್ಲವೇ 29. ಅವು ಚಕ್ರದ ಅಳತೆಗಳು. ಮೈಗೆ ಹೊಂದಬೇಕಾದದ್ದು ಫ್ರೇಮು, ಅದರ ಲೆಕ್ಕ ಬೇರೆ: 14, 16, 18, 20 ಇಂಚು, ಅಥವಾ ಸ್ಮಾಲ್, ಮೀಡಿಯಂ, ಲಾರ್ಜ್. ಫ್ರೇಮಿನ ಅಳತೆ ಹೇಳಲು ಬರದ, ಅಥವಾ ಹೇಳಲು ಇಷ್ಟವಿಲ್ಲದ ಅಂಗಡಿಯಿಂದ ಸೈಕಲ್ ತರಬೇಡಿ. ನನಗೆ ಅದನ್ನು ಮುಚ್ಚಿಟ್ಟೇ ಮಾರಿದರು. ಮೊದಲು ಮಂಡಿ ಹೋಯಿತು, ಆಮೇಲೆ ಬೆರಳು ಜೋಮು ಹಿಡಿದವು, ಕೊನೆಗೆ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು.

ತಮಾಷೆ ಏನೆಂದರೆ ನಮ್ಮಪ್ಪನ ಕಾಲದ ಹೀರೋ, ಅಟ್ಲಾಸ್ ಸೈಕಲ್‌ಗಳನ್ನು 22 ಇಂಚು, 24 ಇಂಚು ಎನ್ನುತ್ತಿದ್ದದ್ದು ಫ್ರೇಮಿನ ಅಳತೆಯಿಂದಲೇ. ಕುಳ್ಳಗಿದ್ದವರು 22 ಕೇಳಿ ತರುತ್ತಿದ್ದರು. ಈಗ ಗೇರು, ಡಿಸ್ಕ್ ಬ್ರೇಕು, ಶಾಕ್ ಅಬ್ಸಾರ್ಬರು ಎಲ್ಲ ಬಂದಿವೆ, ಗಿರಾಕಿಯ ಕಾಲಿನ ಉದ್ದ ಕೇಳುವವರು ಮಾತ್ರ ಕಡಿಮೆಯಾಗಿದ್ದಾರೆ.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ಎತ್ತರ 5 ಅಡಿ 1 ಇಂಚು. ರಕ್ತದಲ್ಲಿ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡಾ 6.1 ಬಂದಿತ್ತು. 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಂಥದ್ದು ಏನಾದರೂ ಮಾಡಿ ಎಂದರು ಡಾಕ್ಟರು. ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಆದರೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಬೋಗಾದಿ ರಸ್ತೆ ಹಿಡಿದು ಹೋಗಿಬರಬಹುದಲ್ಲ ಎಂಬ ಆಸೆಯಿಂದ ಒಂದು ದೊಡ್ಡ ಅಂಗಡಿಗೆ ಹೋದೆ. ಹೆಸರು ಬೇಡ.

ಬಾರು, ಅಂದರೆ ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ, ತಗ್ಗಿರುವ ಗೇರ್ ಸೈಕಲ್ ಇದೆಯಾ ಎಂದು ಕೇಳಿದೆ. ಅಂಗಡಿಯ ಹುಡುಗ ಗುಲಾಬಿ ಬಣ್ಣದ, ಮುಂದೆ ಬುಟ್ಟಿ ಇರುವ, ಗೇರೇ ಇಲ್ಲದ ಒಂದನ್ನು ತೋರಿಸಿದ. ಬೇಡ ಎಂದಾಗ ಕರೆದುಕೊಂಡು ಹೋಗಿದ್ದು ನೇರ ಮೂಲೆಗೆ. ಅಲ್ಲಿ 27.5 ಚಕ್ರ, ದಪ್ಪ ಉಬ್ಬುಗಳಿರುವ ಟೈರು, ಮುಂದೆ ಹಿಂದೆ ಎರಡೂ ಕಡೆ ಶಾಕ್ಸ್ ಇರುವ ಒಂದು ಸೈಕಲ್ ನಿಂತಿತ್ತು. ತೂಕ ಹದಿನೆಂಟು ಕಿಲೋ ಹತ್ತಿರ. ಭಾರ ಜಾಸ್ತಿ ಆಯ್ತಲ್ಲಪ್ಪ ಎಂದರೆ, "ಭಾರ ಇದ್ದಷ್ಟು ಎಕ್ಸರ್ಸೈಜ್ ಜಾಸ್ತಿ ಮೇಡಂ. ಮೂರು ತಿಂಗಳಲ್ಲಿ ಚಾಮುಂಡಿ ಬೆಟ್ಟ ಹತ್ತುತೀರ" ಎಂದ. ದೊಡ್ಡದಾಗಿ ಕಾಣುತ್ತಲ್ಲ ಎಂದರೆ, "ಸೀಟು ಇಳಿಸಿದ್ರೆ ಸರಿಹೋಗುತ್ತೆ, ಸೈಜ್‌ದೇನೂ ಇಲ್ಲ." ಸ್ಪ್ಯಾನರ್ ತಂದು ಸೀಟನ್ನು ಬುಡದವರೆಗೆ ಇಳಿಸಿದ. ಕೂತರೆ ಎರಡೂ ಕಾಲಿನ ಬೆರಳು ನೆಲಕ್ಕೆ ತಾಗಿದವು. "ನೋಡಿ ಮೇಡಂ, ಪರ್ಫೆಕ್ಟ್!" 18,000 ರೂಪಾಯಿ. ಬಿಲ್‌ನಲ್ಲಿ ಬರೆದದ್ದು "ಗೇರ್ ಸೈಕಲ್ – 1". ಅಂಗಡಿಯ ಮುಂದಿನ ಫುಟ್‌ಪಾತ್ ಬಿಟ್ಟು ಆಚೆ ಓಡಿಸಿ ನೋಡಲು ಬಿಡಲಿಲ್ಲ.

ಸೀಟು ಇಳಿಸಿ ತೋರಿಸುವುದೇ ಈ ವ್ಯಾಪಾರದ ಕೈಚಳಕ. ಕೂತಾಗ ಕಾಲು ನೆಲಕ್ಕೆ ಸಿಕ್ಕಿದರೆ ನಮ್ಮಂಥವರಿಗೆ ಧೈರ್ಯ ಬರುತ್ತದೆ, ಬಹಳ ವರ್ಷದ ಮೇಲೆ ಹತ್ತುವವರಿಗಂತೂ ಅದೇ ಮುಖ್ಯ ಅನ್ನಿಸುತ್ತದೆ. ಆದರೆ ಅಷ್ಟು ತಗ್ಗಿನ ಸೀಟಿನಲ್ಲಿ ಪೆಡಲ್ ತುಳಿದರೆ ಮಂಡಿ ಯಾವಾಗಲೂ ಅತಿಯಾಗಿ ಮಡಚಿಕೊಂಡೇ ಇರುತ್ತದೆ, ಭಾರವೆಲ್ಲ ಮಂಡಿಚಿಪ್ಪಿನ ಹಿಂದೆ ಬೀಳುತ್ತದೆ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಡುವುದರಿಂದ ಮಂಡಿಯಲ್ಲಿ ಸ್ವಲ್ಪ ಬಾಗು ಉಳಿಯುತ್ತದೆ. ಅದು ಸರಿಯಾದ ಎತ್ತರ. ಹಾಗೆ ಇಟ್ಟ ಸೀಟಿನ ಮೇಲೆ ಕೂತು ಎರಡೂ ಕಾಲು ಊರಲು ಮಾಮೂಲಿ ಸೈಕಲ್‌ಗಳಲ್ಲಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ, ಬಾರಿನ ಎರಡೂ ಕಡೆ ಕಾಲಿಟ್ಟು ನಿಲ್ಲಬೇಕು. ಬಾರಿನ ಎತ್ತರ ಲೆಕ್ಕಕ್ಕೆ ಬರುವುದು ಆ ಗಳಿಗೆಯಲ್ಲಿ. ಅಂಗಡಿಯವನು ಮರೆಸಿದ್ದೂ ಅದನ್ನೇ.

ಮಂಡಿ ನೋವು ಶುರುವಾದಾಗ ನಮ್ಮ ಬಡಾವಣೆಯ ಹಳೇ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಪಂಕ್ಚರ್ ಹಾಕಿ, ಚಕ್ರದ ಬೆಂಡ್ ತೆಗೆದುಕೊಂಡೇ ಮಕ್ಕಳನ್ನು ಓದಿಸಿದ ಯಜಮಾನರು ಅವರು. ಸೀಟನ್ನು ಸರಿಯಾದ ಎತ್ತರಕ್ಕೆ ಏರಿಸಿಕೊಟ್ಟು, ಬಾರಿನ ಮೇಲೆ ಒಮ್ಮೆ ನಿಲ್ಲಿಸಿ ನೋಡಿ, "ಟೀಚರಮ್ಮ, ಇದು ಆರಡಿ ಗಂಡಸಿನ ಗಾಡಿ. ಸೀಟು ಏರಿಸಬಹುದು ಇಳಿಸಬಹುದು, ಫ್ರೇಮ್ ಕುಯ್ಯೋಕಾಗುತ್ತಾ?" ಎಂದರು. ಫ್ರೇಮಿನ ಮೇಲೆ 18 ಎಂಬ ಸ್ಟಿಕ್ಕರ್ ಇರುವುದನ್ನು ತೋರಿಸಿದ್ದೂ ಅವರೇ. ನನ್ನ ಎತ್ತರಕ್ಕೆ ಬೇಕಿದ್ದದ್ದು 14, ಹೆಚ್ಚೆಂದರೆ 15.

ಮಂಡಿ ನೋವು ತಗ್ಗಿತು. ಬದಲಿಗೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯತೊಡಗಿದವು. ಫ್ರೇಮ್ ಉದ್ದವಾಗಿದ್ದರೆ ಹ್ಯಾಂಡಲ್ ದೂರ. ಎಟುಕಿಸಿಕೊಳ್ಳಲು ಮುಂದೆ ಬಾಗಿದಾಗ ಮೈಭಾರ ಅಂಗೈ ಬುಡದ ಮೇಲೆ ಕೂರುತ್ತದೆ. ಅಲ್ಲಿ ಅಲ್ನಾರ್ ನರ ಹಾದುಹೋಗುತ್ತದೆ, ಅದು ಒತ್ತಿದರೆ ಈ ಎರಡು ಬೆರಳಿಗೇ ಜೋಮು. ಅಂಗಡಿಗೆ ಫೋನ್ ಮಾಡಿದರೆ "ಜೆಲ್ ಗ್ಲೌಸ್ ತಗೊಳ್ಳಿ ಮೇಡಂ, ಆಫರ್ ಇದೆ" ಎಂಬ ಉತ್ತರ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮನ್ನು ಗಿಡ್ಡದ್ದಕ್ಕೆ ಬದಲಾಯಿಸಿದರೆ ಎರಡು ಮೂರು ಸೆಂಟಿಮೀಟರ್ ಹತ್ತಿರವಾಗುತ್ತದೆ. ಅದನ್ನೂ ನನ್ನ ಖರ್ಚಿನಲ್ಲೇ ಮಾಡಿಸಿದೆ. ನಾಲ್ಕು ಇಂಚು ದೊಡ್ಡ ಫ್ರೇಮಿಗೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಬಿದ್ದದ್ದು ಓಡುವ ವೇಗದಲ್ಲೂ ಅಲ್ಲ. ಕುವೆಂಪುನಗರದ ಒಂದು ತಿರುವಿನಲ್ಲಿ ನಾಯಿ ಅಡ್ಡ ಬಂತು, ಬ್ರೇಕ್ ಹಿಡಿದೆ, ಸೀಟಿನಿಂದ ಮುಂದಕ್ಕೆ ಇಳಿದೆ. ಕಾಲು ನೆಲಕ್ಕೆ ಸಿಗುವ ಮೊದಲೇ ಬಾರು ತಗುಲಿತು. ಎಲ್ಲಿ ತಗುಲಿತು, ಎಷ್ಟು ನೋವಾಯಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಎಡಗೈ ಊರಿಕೊಂಡು ಸೈಕಲ್ ಸಮೇತ ವಾಲಿದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರ ಮೂಳೆಯ ಸಾಂದ್ರತೆ ಬೇಗ ಇಳಿಯುತ್ತದೆ, ಕೈ ಊರಿ ಬಿದ್ದಾಗ ಮಣಿಕಟ್ಟು ಮುರಿಯುವುದು ತೀರಾ ಸಾಮಾನ್ಯ ಎಂದು ಮೂಳೆ ಡಾಕ್ಟರು ಹೇಳಿದರು. ಇನ್ನೊಂದು ಮಾತನ್ನೂ ಹೇಳಿದರು: ಸೈಕಲ್ ಹೃದಯಕ್ಕೆ, ಸಕ್ಕರೆಗೆ ಒಳ್ಳೆಯದು, ಆದರೆ ಅದರಲ್ಲಿ ಮೈಭಾರ ಕಾಲಿನ ಮೇಲೆ ಬೀಳದ ಕಾರಣ ಮೂಳೆ ಗಟ್ಟಿಯಾಗಲು ಅಷ್ಟು ಸಾಲದು. ನಡಿಗೆ ಬಿಡಬಾರದು, ಸ್ವಲ್ಪ ತೂಕವನ್ನೂ ಎತ್ತಬೇಕು. ಸೈಕಲ್ ಬಂತು ಎಂದು ವಾಕಿಂಗ್ ನಿಲ್ಲಿಸುವ ನನ್ನ ವಯಸ್ಸಿನವರು ಇದನ್ನು ಗಮನಿಸಿ.

ಪ್ಲಾಸ್ಟರ್ ಕೈ ಹೊತ್ತು ಅಂಗಡಿಗೆ ಹೋದಾಗ ಮಾಲೀಕರು ಬಿಲ್ ಹಿಂಭಾಗ ತೋರಿಸಿದರು: ಮಾರಿದ ಮಾಲು ವಾಪಸ್ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ. ಆದರೆ ಅಂಗಡಿಯ ಉತ್ತರ ಚುರುಕಾಗಿತ್ತು: ಸೈಕಲ್‌ನಲ್ಲಿ ದೋಷವೇ ಇಲ್ಲವಲ್ಲ! ಬಿಲ್‌ನಲ್ಲಿ ಸೈಜೂ ಇಲ್ಲ, ಫ್ರೇಮ್ ನಂಬರೂ ಇಲ್ಲ, ಹಾಗಾಗಿ ನನ್ನ ಎತ್ತರಕ್ಕೆಂದೇ ಕೊಟ್ಟರು ಎಂದು ತೋರಿಸಲು ಕಾಗದವೇ ಇರಲಿಲ್ಲ. ಕೊನೆಗೆ ಸಹೋದ್ಯೋಗಿಯೊಬ್ಬರ ಮಗನಿಗೆ ಅರ್ಧ ಬೆಲೆಗೆ ಕೊಟ್ಟೆ. ಅವನಿಗೆ ಚೆನ್ನಾಗಿ ಹೊಂದುತ್ತದೆ, ಪುಣ್ಯಾತ್ಮ ಆರಡಿಗೆ ಸ್ವಲ್ಪ ಕಮ್ಮಿ ಇದ್ದಾನೆ.

ನೀವು ಹೋಗುವ ಮೊದಲು ಮನೆಯಲ್ಲೇ ಒಂದು ಅಳತೆ ತೆಗೆದುಕೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿಗೆ ದಪ್ಪ ಪುಸ್ತಕ ಒತ್ತಿಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಬೇಕು. ನನ್ನದು 70 ಸೆಂ.ಮೀ. ಆ ಸೈಕಲ್‌ನ ಬಾರು 77 ಇತ್ತು, ಇಷ್ಟು ಸಾಕಿತ್ತು ಅಂದೇ ಬೇಡ ಎನ್ನಲು. ಬಾರು ನಿಮ್ಮ ಅಳತೆಗಿಂತ ಮೂರು ನಾಲ್ಕು ಸೆಂ.ಮೀ. ಕೆಳಗಿರಲಿ. ಅದೇ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ಕೈಗಳೆರಡೂ ಸುತ್ತುವ, ಫ್ರೇಮಿನ ಬುಡದ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸುಮಾರಾಗಿ ಸಿಗುತ್ತದೆ. ನನಗೆ 62 ಹತ್ತಿರ. ಅಮೆರಿಕದ ಸೈಕ್ಲಿಸ್ಟ್ ಗ್ರೆಗ್ ಲೆಮಾಂಡ್ ಹೆಸರಲ್ಲಿ ಓಡಾಡುವ ಸೂತ್ರವಿದು. ಶುರು ಮಾಡಲು ಸಾಕು, ಆಮೇಲೆ ಮಂಡಿ ಹೇಳಿದಂತೆ ಅಷ್ಟಿಷ್ಟು ಬದಲಿಸಿಕೊಳ್ಳಿ.

"21 ಗೇರ್ ಇದೆ" ಎಂಬ ಮಾತಿಗೆ ಮರುಳಾಗಬೇಡಿ. ಏರು ಹತ್ತಿಸುವುದು ಮುಂದಿನ ಅತಿ ಚಿಕ್ಕ ಹಲ್ಲುಗಾಲಿ ಮತ್ತು ಹಿಂದಿನ ಅತಿ ದೊಡ್ಡದು, ಗೇರಿನ ಸಂಖ್ಯೆಯಲ್ಲ. ಟಾರು ರಸ್ತೆಗೆ ಹಿಂದಿನ ಶಾಕ್ಸ್ ದಂಡ, ತುಳಿದ ಶಕ್ತಿಯ ಒಂದು ಪಾಲು ಅದರ ಕುಲುಕಾಟಕ್ಕೇ ಹೋಗುತ್ತದೆ. ಶಾಕ್ಸ್ ಇಲ್ಲದ, 35ರಿಂದ 40 ಮಿ.ಮೀ. ಟೈರಿನ ಹೈಬ್ರಿಡ್ (ರೋಡ್ ಸೈಕಲ್, ಮೌಂಟನ್ ಸೈಕಲ್ ಎರಡರ ನಡುವಿನದು) ನಮ್ಮ ಊರಿನ ಗುಂಡಿಗಳಿಗೂ ಸಾಕು. ಒಮ್ಮೆಲೇ ದುಡ್ಡು ಹಾಕಲು ಹಿಂಜರಿಕೆ ಇದ್ದರೆ ಪರಿಚಯದವರ ಸೈಕಲ್ಲೋ ಬಾಡಿಗೆಯದೋ ಕೆಲವು ದಿನ ಓಡಿಸಿ ನೋಡಿ. ಬಾಡಿಗೆ ಸೈಕಲ್ ಮೈಸೂರಿಗೆ ಹೊಸದೇನಲ್ಲ, ಊರಿನ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ ಶುರುವಾದದ್ದೇ 2017ರಲ್ಲಿ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ: ಹೆಚ್ಚು ಓಡದ, ಹೊಸದರಂತಿರುವ ಗೇರ್ ಸೈಕಲ್‌ಗಳು ಮಾರಾಟಕ್ಕೆ ಬಂದರೆ ಅವುಗಳಲ್ಲಿ ಕೆಲವಾದರೂ ನನ್ನಂಥವರ ಮನೆಯಿಂದ ಬಂದವೇ ಇರುತ್ತವೆ. ಸೀಟಿನ ಕೆಳಗಿನ ಕೊಳವೆಯ ಮೇಲೆ ಸೈಜಿನ ಸ್ಟಿಕ್ಕರ್ ಹುಡುಕಿ. ಕಿತ್ತುಹೋಗಿದ್ದರೆ ಫ್ರೇಮಿನ ಬುಡದ ಅದೇ ಅಚ್ಚಿನ ನಡುವಿನಿಂದ ಆ ಕೊಳವೆಯ ತುದಿಯವರೆಗೆ ಟೇಪು ಹಿಡಿಯಿರಿ, ಸುಮಾರಾಗಿ ಅದೇ ಫ್ರೇಮಿನ ಅಳತೆ. ಸೀಟಿನ ಕಂಬಿಯನ್ನು ಸೇರಿಸಿ ಅಳೆಯಬೇಡಿ.