ಆ ಮತ ಎಲ್ಲಿಗೆ ಹೋಯಿತು? ರಾಜ್ಯಸಭೆ ಚುನಾವಣೆಯ ಒಂದು ದಿನದ ಕಾರ್ಯಾಗಾರ

ಹತ್ತೊಂಬತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ರಾಜ್ಯಸಭೆಯ ಪಾಠ ಬಂದಾಗಲೆಲ್ಲ "ವಿಧಾನಸಭೆಯ ಚುನಾಯಿತ ಸದಸ್ಯರು ಏಕ ವರ್ಗಾವಣೀಯ ಮತ ಪದ್ಧತಿಯಲ್ಲಿ ಆರಿಸುತ್ತಾರೆ" ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಹೋದ ವರ್ಷ ಒಬ್ಬಳು ಹುಡುಗಿ ಎದ್ದು ನಿಂತು, "ಮಿಸ್, ಮತ ಎಲ್ಲಿಂದ ಎಲ್ಲಿಗೆ ವರ್ಗ ಆಗುತ್ತೆ?" ಅಂದಳು. ಅವತ್ತು ನಾನು ಕೊಟ್ಟ ಉತ್ತರ ಅವಳಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಅದಕ್ಕೇ ಬೆಂಗಳೂರಿನ ಒಂದು ತರಬೇತಿ ಕೇಂದ್ರದಲ್ಲಿ ಅಣಕು ರಾಜ್ಯಸಭೆ ಚುನಾವಣೆ ಮಾಡಿಸುತ್ತಾರೆ ಎಂದು ಗೊತ್ತಾದ ಕೂಡಲೇ ಊಟ ಸೇರಿ ನಾನೂರು ರೂಪಾಯಿ ಕಟ್ಟಿ ಹೆಸರು ಬರೆಸಿದೆ.

ನಾವು ನಲವತ್ತು ಜನ ಇದ್ದೆವು. ಬಹುಪಾಲು ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗರು, ಮೂರ್ನಾಲ್ಕು ಮಂದಿ ಮೇಷ್ಟ್ರುಗಳು. ಬೆಳಗಿನ ಒಂದು ಗಂಟೆ ಬರೀ ಭಾಷಣ, ಅದನ್ನು ಅರ್ಧಕ್ಕೆ ಇಳಿಸಬಹುದು. ಆಮೇಲೆ ನಮ್ಮನ್ನೇ ಶಾಸಕರನ್ನಾಗಿ ಮಾಡಿ ಮೂರು ಪಕ್ಷಗಳಾಗಿ ಕೂರಿಸಿದರು. ಸ್ಥಾನ ಮೂರು, ಅಭ್ಯರ್ಥಿಗಳು ಐದು. ಹೆಸರು ಆಲ, ಬೇವು, ಮಾವು, ಹೊಂಗೆ, ಹುಣಸೆ. ನಿಜವಾದ ಚುನಾವಣೆಯಲ್ಲಿ ಕೊಡುವಂತೆಯೇ ನೇರಳೆ ಬಣ್ಣದ ಸ್ಕೆಚ್ ಪೆನ್ನು. ಇಷ್ಟವಾದವರ ಮುಂದೆ 1, ಆಮೇಲಿನವರಿಗೆ 2, 3. 1 ಬರೆಯದಿದ್ದರೆ ಮತ ತಿರಸ್ಕೃತ.

ಬರೆದ ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮೊದಲು ಪಕ್ಷದ ಏಜೆಂಟಿಗೆ ತೋರಿಸಬೇಕು. 2003ರ ತಿದ್ದುಪಡಿಯಿಂದ ರಾಜ್ಯಸಭೆಗೆ ಗುಟ್ಟಿನ ಮತದಾನ ಇಲ್ಲ. ಪಕ್ಷೇತರರು ಮಾತ್ರ ಯಾರಿಗೂ ತೋರಿಸುವಂತಿಲ್ಲ. ಇದನ್ನು ನೂರು ಸಲ ಓದಿದ್ದೆ. ಆದರೂ ಮಡಿಸಿದ ಕಾಗದ ಬಿಡಿಸಿ ಇನ್ನೊಬ್ಬರ ಕಣ್ಣಿಗೆ ಹಿಡಿದಾಗ ಕೈ ಒಂದು ಕ್ಷಣ ತಡೆಯಿತು. ನಮ್ಮ ಪಕ್ಷ ಆಲಕ್ಕೆ ಹಾಕಿ ಅಂದಿತ್ತು, ನಾನು ಹುಣಸೆಗೆ ಹಾಕಿದ್ದೆ. ಏಜೆಂಟ್ ಆಗಿದ್ದ ಹುಡುಗ ನನ್ನ ಮುಖ ನೋಡಿದ. ಅವನು ನೋಡಬಹುದು, ತಡೆಯುವ ಹಾಗಿಲ್ಲ. ಪಕ್ಕದ ಪಕ್ಷದ ಏಜೆಂಟಿಗೆ ತೋರಿಸಿದ್ದರೆ ಮಾತ್ರ ನನ್ನ ಮತ ಹೋಗುತ್ತಿತ್ತು. 2017ರಲ್ಲಿ ಗುಜರಾತಿನ ಇಬ್ಬರು ಶಾಸಕರ ಮತ ತೋರಿಸಬಾರದವರಿಗೆ ತೋರಿಸಿದ್ದಕ್ಕೇ ಅಸಿಂಧುವಾಯಿತು, ಅಹ್ಮದ್ ಪಟೇಲ್ ಗೆದ್ದರು.

ಕೊಟ್ಟ ದುಡ್ಡಿಗೆ ಬೆಲೆ ಬಂದದ್ದು ಎಣಿಕೆಯಲ್ಲಿ. ಒಂದೊಂದು ಮತಪತ್ರದ ಮೌಲ್ಯ 100. ನಲವತ್ತಕ್ಕೆ 4000, ಅದನ್ನು ಸ್ಥಾನಕ್ಕಿಂತ ಒಂದು ಹೆಚ್ಚು, ಅಂದರೆ ನಾಲ್ಕರಿಂದ ಭಾಗಿಸಿ ಒಂದು ಕೂಡಿದರೆ 1001. ಅದೇ ಕೋಟಾ, ಗೆಲ್ಲಲು ಮುಟ್ಟಬೇಕಾದ ಮೌಲ್ಯ. ಆಲಕ್ಕೆ 16, ಬೇವಿಗೆ 11, ಹೊಂಗೆಗೆ 6, ಮಾವಿಗೆ 5, ಹುಣಸೆಗೆ 2. ಆಲ, ಬೇವು ಅಲ್ಲೇ ಗೆದ್ದವು. ನನ್ನ ಮತ ನೀರಿಗೆ ಬಿತ್ತು ಅಂದುಕೊಂಡೆ.

ಆಲಕ್ಕೆ ಕೋಟಾಕ್ಕಿಂತ 599 ಹೆಚ್ಚಾಗಿತ್ತು. ಅದನ್ನು ಹದಿನಾರು ಕಾಗದಕ್ಕೆ ಹಂಚಿದರೆ ಒಂದಕ್ಕೆ 37, ಉಳಿದ ಚೂರು ಲೆಕ್ಕಕ್ಕಿಲ್ಲ. ಎರಡನೇ ಪ್ರಾಶಸ್ತ್ಯ, ಅಂದರೆ 2 ಎಂದು ಬರೆದದ್ದು, ಒಂಬತ್ತರಲ್ಲಿ ಮಾವು, ಏಳರಲ್ಲಿ ಹೊಂಗೆ. ಮಾವು 833, ಹೊಂಗೆ 859. ಬೇವಿನ ಹೆಚ್ಚುವರಿ 99, ಕಾಗದಕ್ಕೆ 9ರಂತೆ: ಎಂಟು ಮಾವಿಗೆ, ಮೂರು ಹುಣಸೆಗೆ. ಮಾವು 905ಕ್ಕೆ ಏರಿ ಮುಂದೆ ಹೋಯಿತು. 227 ಆಗಿದ್ದ ಹುಣಸೆ ಎಲ್ಲರಿಗಿಂತ ಕೆಳಗಿದ್ದುದರಿಂದ ಸ್ಪರ್ಧೆಯಿಂದ ಹೊರಗೆ. ಮೊದಲೇ ಅದಕ್ಕೆ ಬಿದ್ದಿದ್ದ ಎರಡು ಕಾಗದ ಬಿಡಿಸಿದರು. ಎರಡರಲ್ಲೂ 2 ಎಂದು ಬರೆದದ್ದು ಹೊಂಗೆಯ ಮುಂದೆ. ಪೂರ್ತಿ 200 ಮೌಲ್ಯ ಹೊಂಗೆಗೆ ಹೋಗಿ 1059 ಆಯಿತು. ಮೂರನೇ ಸ್ಥಾನ ಹೊಂಗೆಗೆ! ಆ ಎರಡರಲ್ಲಿ ಒಂದು ಕಾಗದ ನನ್ನದು. ವರ್ಗಾವಣೆ ಅಂದರೆ ಏನೆಂದು ಆ ಕಾಗದ ಒಂದು ಕಟ್ಟಿನಿಂದ ಇನ್ನೊಂದು ಕಟ್ಟಿಗೆ ಹೋಗುವುದನ್ನು ನೋಡುತ್ತಾ ತಿಳಿಯಿತು.

ಇದಾದ ಮೇಲೆ ನಮ್ಮ ರಾಜ್ಯದ ಲೆಕ್ಕ ಬೋರ್ಡಿಗೆ ಬಂತು. 2024ರ ಫೆಬ್ರವರಿ 27ರಂದು ನಾಲ್ಕು ಸ್ಥಾನಕ್ಕೆ ಐವರಿದ್ದರು: ಅಜಯ್ ಮಾಕನ್, ನಾಸಿರ್ ಹುಸೇನ್, ನಾರಾಯಣಸಾ ಭಾಂಡಗೆ ತಲಾ 47, ಜಿ.ಸಿ. ಚಂದ್ರಶೇಖರ್ 45, ಕುಪೇಂದ್ರ ರೆಡ್ಡಿ 36. ಒಟ್ಟು 222. ಕೋಟಾ 4441, ಅಂದರೆ 44 ಸಾಲದು, 45 ಬೇಕು. ಚಂದ್ರಶೇಖರ್ ಅವರಿಗೆ ಬಂದದ್ದು ಸರಿಯಾಗಿ ಅಷ್ಟೇ. ನಾಲ್ವರೂ ಮೊದಲ ಸುತ್ತಿನಲ್ಲೇ ದಾಟಿದ್ದರಿಂದ ಎರಡನೇ ಪ್ರಾಶಸ್ತ್ಯ ನೋಡುವ ಪ್ರಮೇಯವೇ ಬರಲಿಲ್ಲ. 2022ರಲ್ಲಿ ಹಾಗಲ್ಲ. ನಾಲ್ಕು ಸ್ಥಾನಕ್ಕೆ ಆರು ಜನ, ನಾಲ್ಕನೆಯದಕ್ಕೆ ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಕೋಟಾ ಮುಟ್ಟಲಿಲ್ಲ, ಲೆಹರ್ ಸಿಂಗ್ ಗೆದ್ದರು. ಅವತ್ತಿನ ಪೇಪರು ಓದಿ ಅರ್ಥವಾಗದೆ ಮಡಿಸಿಟ್ಟದ್ದು ನೆನಪಿದೆ.

ತಪ್ಪು ಒಂದಿತ್ತು, ಸಣ್ಣದಲ್ಲ. ಮತಪತ್ರದ ಕೊನೆಯಲ್ಲಿ ನೋಟಾ ಅಂತ ಸಾಲು ಅಚ್ಚು ಹಾಕಿಸಿದ್ದರು. ರಾಜ್ಯಸಭೆ ಚುನಾವಣೆಗೆ ನೋಟಾ ಸಲ್ಲದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಾನು ಹೇಳಿದಾಗ ಪಾಠ ಮಾಡುತ್ತಿದ್ದವರು ಒಪ್ಪಲಿಲ್ಲ. ಊಟದ ಹೊತ್ತಿಗೆ ತಾವೇ ನೋಡಿ, ಎಲ್ಲರ ಮುಂದೆ ತಿದ್ದಿದರು. ಅದಕ್ಕೆ ಅವರ ಮೇಲೆ ಗೌರವ ಹೆಚ್ಚಿತು. ಆದರೆ ಪರೀಕ್ಷೆಗೆ ಓದುವ ಮಕ್ಕಳ ಕೈಗೆ ತಪ್ಪು ಮತಪತ್ರ ಕೊಡಬಾರದು. ಇಬ್ಬರಿಗೆ ಸಮಸಮ ಬಂದರೆ ಏನು ಎನ್ನುವುದನ್ನೂ ಮಾಡಿಸಲಿಲ್ಲ. ಹಿಮಾಚಲದಲ್ಲಿ 2024ರಲ್ಲಿ 34-34 ಆಗಿ ಚೀಟಿ ಎತ್ತಿದರು, ಚೀಟಿಯಲ್ಲಿ ಹೆಸರು ಬಂದ ಅಭಿಷೇಕ್ ಸಿಂಘ್ವಿ ಸೋತರು. ಭಾಷಣದಿಂದ ಉಳಿಸುವ ಅರ್ಧ ಗಂಟೆಯಲ್ಲಿ ಇದನ್ನು ಮಾಡಿಸಬಹುದು.

ಐದರಲ್ಲಿ ನಾಲ್ಕು ಸ್ಟಾರ್. ಮೇಷ್ಟ್ರುಗಳು, ಟೀಚರುಗಳು ಖಂಡಿತ ಹೋಗಿ, ಎಣಿಕೆ ಟೇಬಲ್ಲಿನ ಹತ್ತಿರವೇ ಕೂತುಕೊಳ್ಳಿ. ನಾನು ಆ ನಲವತ್ತು ಕಾಗದ ಕೇಳಿ ತಂದಿದ್ದೇನೆ, ನೋಟಾ ಸಾಲು ಕತ್ತರಿಸಿ. ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ಎಣಿಸುವವಳು ಆ ಹುಡುಗಿಯೇ.